ಅಳಿಯದೆ ಉಳಿದ ಸಾಲು

ಬುಧವಾರ ಬೆಳಿಗ್ಗೆ 9.10ಕ್ಕೆ ಆಸ್ಪತ್ರೆಯ ಮುಖ್ಯ ವೈದ್ಯೆ ಠಾಣೆಗೆ ಬಂದು ದೂರು ಬರೆದುಕೊಟ್ಟರು. ಕಿಡ್ನಿ ಕಸಿಗೆ ಕಾಯುತ್ತಿರುವವರ ಪಟ್ಟಿಯನ್ನು ಯಾರೋ ತಿದ್ದಿದ್ದರು. ಎರಡನೆಯವನಾಗಿದ್ದ ಬಸ್ ಚಾಲಕ ಒಂಬತ್ತಕ್ಕೆ ಇಳಿದಿದ್ದ. ಅವನ ಕೆಳಗಿದ್ದ ಏಳು ಮಂದಿ ಒಂದೊಂದು ಸ್ಥಾನ ಮೇಲೇರಿದ್ದರು.

"ಸಂಜೆಯೊಳಗೆ ಎರಡು ಕಿಡ್ನಿ ಬರುತ್ತೆ. ಮೊದಲ ಇಬ್ಬರಿಗಷ್ಟೇ. ತಿದ್ದಿದ್ದು ಯಾರು ಅಂತ ಗೊತ್ತಾಗದೆ ನಾನು ಯಾರನ್ನೂ ಕರೆಯೋ ಹಾಗಿಲ್ಲ."

FIR ದಾಖಲಾಯಿತು. 10.20ಕ್ಕೆ ಇನ್ಸ್‌ಪೆಕ್ಟರ್ ಮಹಿಳಾ ಕಾನ್‌ಸ್ಟೆಬಲ್ ಜೊತೆ ಆಸ್ಪತ್ರೆಯ ಕಂಪ್ಯೂಟರ್ ಕೋಣೆಗೆ ಬಂದರು. ಹೊರಗಿನವರನ್ನು ತಡೆಯುವ ಫೈರ್‌ವಾಲ್‌ನಲ್ಲಿ, ಹೊರಗಿನ ಒಂದು ಇಂಟರ್ನೆಟ್ ವಿಳಾಸವನ್ನು ಒಳಗೆ ಬಿಡುವ ಸಾಲೊಂದು ಸೇರಿಕೊಂಡಿತ್ತು. ನಿಯಮಗಳು ಮಂಗಳವಾರ ಮಧ್ಯಾಹ್ನ 1.45ಕ್ಕೆ ಸೇವ್ ಆಗಿದ್ದವು, ಅಲ್ಲೇ ಕೂತಿದ್ದ ಕಂಪ್ಯೂಟರ್ ಸಹಾಯಕಿಯ ಹೆಸರಿನಲ್ಲಿ. ಇನ್ಸ್‌ಪೆಕ್ಟರ್ ಅವಳ ಕಡೆ ತಿರುಗಿದರು.

"ನೀನೇ ಬರೆದಿದ್ದಾ?"

"ಇಲ್ಲ ಸರ್. ಸೇವ್ ಮಾಡಿದ್ದಷ್ಟೇ."

"ನೋಡದೇನೇ?"

"ಕುರ್ಚಿ ಬಿಡೋ ಮುಂಚೆ ಸೇವ್ ಕಮಾಂಡ್ ಹೊಡೀಬೇಕು ಅಂತ ನಮ್ಮ ಚೀಫ್ ಹೇಳ್ಕೊಟ್ಟಿದಾರೆ. ಇಲ್ಲಾಂದ್ರೆ ಮಷೀನ್ ಆಫ್ ಆಗಿ ಆನ್ ಆದ್ರೆ ಹೊಸ ರೂಲ್ ಎಲ್ಲಾ ಅಳಿಸಿಹೋಗುತ್ತೆ."

ಅವಳು ಹೇಳಿದ ಚೀಫ್, ಮುಖ್ಯ ತಂತ್ರಜ್ಞನನ್ನು ಕರೆಸಲಾಯಿತು. ಆತ ಕೇಳಿದ್ದಕ್ಕೆಲ್ಲ ತಡವರಿಸದೆ ಉತ್ತರ ಕೊಟ್ಟ. ಇಷ್ಟು ಅಚ್ಚುಕಟ್ಟಾಗಿ ಮಾತಾಡುವವರನ್ನು ಇನ್ಸ್‌ಪೆಕ್ಟರ್ ಎಂದೂ ನಂಬಿದವರಲ್ಲ.

"ನಿನ್ನೆ ಮಧ್ಯಾಹ್ನ ಎಲ್ಲಿದ್ರಿ?"

"ಅಕ್ಕನ ಮನೇಲಿ, ಊಟಕ್ಕೆ."

"ವಾಪಸ್ ಬಂದು ಎರಡೂವರೆಗೆ ಮಷೀನ್ ರೀಸ್ಟಾರ್ಟ್ ಮಾಡಿದ್ರಿ. ಯಾಕೆ?"

"ತುಂಬಾ ನಿಧಾನ ಆಗಿತ್ತು."

ಸಾಕ್ಷಿಗಳಾಗಿ ಕರೆಸಿದ್ದ ಪಂಚರ ಎದುರು ಕಾನ್‌ಸ್ಟೆಬಲ್ ನಿಯಮಗಳನ್ನು ಪರದೆಗೆ ತಂದಳು. ತಂತ್ರಜ್ಞ ಬಗ್ಗಿ ನೋಡಿದ.

"ಅದು ಇನ್ನೂ ಇದೆಯಾ?"

"ಯಾವುದು?" ಎಂದರು ಇನ್ಸ್‌ಪೆಕ್ಟರ್.

11.50ಕ್ಕೆ ಇಂಟರ್ನೆಟ್ ಕಂಪನಿಯಿಂದ ಉತ್ತರ ಬಂತು: ಆ ವಿಳಾಸ ತಂತ್ರಜ್ಞನ ಅಕ್ಕನ ಮನೆಯ ಸಂಪರ್ಕದ್ದು. ಮೂಲ ಪಟ್ಟಿಯಲ್ಲಿ ಆಕೆ ಮೂರನೆಯವಳು, ತಿದ್ದಿದ ಮೇಲೆ ಎರಡನೆಯವಳು.

ಅಕ್ಕನ ಮನೆಯಿಂದ ಪಟ್ಟಿ ತಿದ್ದಲೆಂದು ಆ ಸಾಲು ಸೇರಿಸಿದ್ದ ಅವನು, ರೀಸ್ಟಾರ್ಟ್ ಮಾಡಿದರೆ ಅದು ತಾನಾಗಿ ಮಾಯವಾಗುತ್ತದೆಂದು ಬೇಕೆಂದೇ ಸೇವ್ ಮಾಡಿರಲಿಲ್ಲ. ಅವನು ಊಟಕ್ಕೆ ಹೋದಾಗ ಸಹಾಯಕಿ ಅವನು ಕಲಿಸಿದ್ದನ್ನೇ ಮಾಡಿದ್ದಳು.

ಪಟ್ಟಿ ಮೊದಲಿನಂತಾಗಿ, ಬಸ್ ಚಾಲಕನಿಗೆ ಆಸ್ಪತ್ರೆಯಿಂದ ಫೋನ್ ಹೋಯಿತು. ಪಂಚನಾಮೆಗೆ ಸಹಿ ಬಿದ್ದ ಮೇಲೆ ಸಹಾಯಕಿ ಆ ಸಾಲನ್ನು ಅಳಿಸಿ, ಕಣ್ಣೊರೆಸಿಕೊಂಡು ಎದ್ದಳು. ಬಾಗಿಲಲ್ಲಿ ಕಾನ್‌ಸ್ಟೆಬಲ್ ಪಕ್ಕ ನಿಂತಿದ್ದ ತಂತ್ರಜ್ಞ ಅಭ್ಯಾಸಬಲದಿಂದ ಹೇಳಿದ:

"ಸೇವ್ ಮಾಡಮ್ಮ."

ಅವಳು ಮತ್ತೆ ಕೂತು ಸೇವ್ ಮಾಡಿದಳು.

ಅಮ್ಮ ತೀರಿಕೊಂಡಾಗ ತಂತ್ರಜ್ಞನಿಗೆ ಆರು ವರ್ಷ, ಅಕ್ಕನಿಗೆ ಹದಿಮೂರು. ಶಾಲೆ ಬಿಟ್ಟು ಅವನನ್ನು ಸಾಕಿದ್ದಳು. ಜೀಪಿನಲ್ಲಿ ಅವನು ಒಂದೇ ಮಾತು ಹೇಳಿದ: "ಅಕ್ಕಂಗೆ ಏನೂ ಗೊತ್ತಿಲ್ಲ ಸರ್. ಹೇಳಿದ್ರೆ ಬೇಡ ಅಂತಿದ್ಲು." ಇನ್ಸ್‌ಪೆಕ್ಟರ್ ಅದನ್ನೂ ಹೇಳಿಕೆಯಲ್ಲಿ ಬರೆದುಕೊಂಡರು.