ಬೇಲಿ ಕೇಳಿದ ಬೆರಳು

ನಮ್ಮ ಮೊಮ್ಮಕ್ಕಳು ಕಾಣಲಿರುವ ಕಾಲದ ಮಾತಿದು. ಘಟಪ್ರಭೆಯ ಮೇಲೆ ಎಳೆಬಿಸಿಲು ಬೀಳುವ ಹೊತ್ತಿಗೆ ದಂಡೆಯ ಆಸ್ಪತ್ರೆಯಲ್ಲಿ ‘ಬೇಲಿ’ ಎಂಬ ಕಾವಲು ವ್ಯವಸ್ಥೆ ತನ್ನ ಕೆಲಸ ಮುಗಿಸಿರುತ್ತಿತ್ತು. ಓಣಿಯ ಹೆಂಗಸರು ನಲ್ಲಿಯ ಮುಂದೆ ಸುದ್ದಿ ಹಂಚಿಕೊಂಡ ಹಾಗೆ, ಕಚೇರಿಯ ಕಂಪ್ಯೂಟರುಗಳೆಲ್ಲ ಹೊಸ ವೈರಸ್ಸುಗಳ ಗುರುತನ್ನು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತಿದ್ದವು. ಆಂಟಿವೈರಸ್ ಅಪ್‌ಡೇಟ್ ಮಾಡಲು ಮನುಷ್ಯರ ಕೈ ಬೇಕಿರಲಿಲ್ಲ. ಹಿಂದೆ ಬಿದ್ದ ಕಂಪ್ಯೂಟರನ್ನು ಉಳಿದವು ಹೊರಗಿಡುತ್ತಿದ್ದವು. ಅದನ್ನು ಹಿಂದೆ ಬೀಳಿಸಿದವರ ಬೆರಳಚ್ಚನ್ನೂ, ಅಂಥವರಿಗಾಗಿ ತಮ್ಮ ಬೆರಳೊತ್ತಿದವರ ಬೆರಳಚ್ಚನ್ನೂ ಹೊರಗಿಡುತ್ತಿದ್ದವು; ಅಲ್ಲಿ ಬಾಗಿಲು, ಕಪಾಟು ಎಲ್ಲವೂ ಬೆರಳಚ್ಚಿಗೇ ತೆರೆಯುತ್ತಿದ್ದವು. ಸೋಂಕು ಹಬ್ಬುವುದು ಸಂಗದಿಂದ ಎಂಬುದು ಬೇಲಿ ಕಟ್ಟಿದ ವಿಜ್ಞಾನಿ ಇಂದುಧರ ಹೂಗಾರನ ಸಿದ್ಧಾಂತ. ಒಮ್ಮೆ ಕೈಯಿಂದ ತೆರೆದರೆ ಬೇಲಿ ಬೇಲಿಯಾಗಿ ಉಳಿಯದೆಂದು ಆತ ತನಗೂ ಕೀಲಿ ಇಟ್ಟುಕೊಂಡಿರಲಿಲ್ಲ.

ಆಯುಧಪೂಜೆಯ ದಿನ ದಾಖಲೆ ವಿಭಾಗದ ದಾನವ್ವ ತನ್ನ ಕಂಪ್ಯೂಟರನ್ನು ಆರಿಸಿ, ವಿಭೂತಿ ಬಳಿದು, ಚೆಂಡುಹೂವಿಟ್ಟು ಮನೆಗೆ ಹೋದಳು. ಹಬ್ಬ ಮುಗಿಸಿ ಬಂದರೆ ಯಾವ ಬಾಗಿಲೂ ಅವಳ ಬೆರಳಿಗೆ ತೆರೆಯಲಿಲ್ಲ.

“ಆರಿಸಿದ್ರ್ಯಾಕ ದಾನವ್ವಾರ?” ಇಂದುಧರ ಕೇಳಿದ.

“ವರ್ಷಕ್ಕೊಮ್ಮೆ ಎತ್ತಿನ ಹೆಗಲಿಂದ್ಲೂ ನೊಗ ಇಳಸ್ತೀವಲ್ರಿ ಸಾಹೇಬ್ರ. ಪೂಜಿ ಮಾಡಿದ್ದನ್ನ ದುಡಸಬಾರ್ದು.”

“ಹುಣ್ಣಿಮಿ ಮಟ ತಡೀರಿ. ಬೇಲಿ ತಾನ ಒಳಗ ಕರಕೋತೈತಿ.”

ಕುಡಿಯುವ ನೀರಿನ ಯಂತ್ರವೂ ಬೆರಳು ಕೇಳುತ್ತಿತ್ತು. “ದೂರ ನಿಲ್ಲ ಬೇ ಯಕ್ಕಾ, ನಿನ್ನ ಕಂಪ್ಯೂಟರಿನ ನೆಗಡಿ ನನಗ ಹತ್ತೀತು!” ಎಂದು ನರ್ಸ್ ಕಾಶವ್ವ ಮೊದಲ ದಿನ ನಕ್ಕಳು. ಮರುದಿನ ನಗಲಿಲ್ಲ. ತನ್ನ ಹೆಸರಿನಲ್ಲೇ ತಂಬಿಗೆ ತುಂಬಿಕೊಂಡು ಬಂದು, ದಾನವ್ವನ ಬೊಗಸೆಗೆ ಮೇಲಿನಿಂದ ಹೊಯ್ದಳು.

ಬೇಲಿಯನ್ನು ರಾಜ್ಯದ ತುಂಬ ಹಾಕಬೇಕೆಂದು ಅಧಿಕಾರಿಗಳು ನೋಡಲು ಬಂದ ದಿನವೇ ದಾನವ್ವನ ಉಬ್ಬಸ ಕೆರಳಿತು. ಔಷಧದ ಕಪಾಟಿನ ಮುಂದೆ ಅವಳು ಕುಸಿದಳು. ಕಪಾಟು ಯಾರಿಗೆ ಔಷಧವೆಂದು ಕೇಳಿತು, ಕಾಶವ್ವ ದಾನವ್ವನ ಹೆಸರು ಹೇಳಿದೊಡನೆ ಕೆಂಪಾಯಿತು: ಬೆರಳೊತ್ತಿದವರೂ ಹೊರಗೆ.

“ನನ್ನ ಬೆರಳು ಹೋದ್ರ ವಾರ್ಡಿನ ಮಂದಿಗೆ ಔಷಧ ಕೊಡೋರ್ಯಾರ್ರಿ?” ಕಾಶವ್ವ ಅಳುತ್ತ ಇಂದುಧರನ ಕಡೆ ನೋಡಿದಳು. “ನೀವ ಒತ್ತರಿ.”

ಅಧಿಕಾರಿಗಳು ಮೆಟ್ಟಿಲೇರುತ್ತಿದ್ದರು. ಬೇಲಿ ತನ್ನನ್ನು ಕಟ್ಟಿದವನನ್ನೇ ಹೊರಹಾಕಿದರೆ ಅವರೇನೆಂದಾರು? ಇಂದುಧರನ ಬೆರಳು ಮುಂದೆ ಹೋಯಿತು, ಅರ್ಧದಾರಿಯಲ್ಲಿ ನಿಂತಿತು. ಆಮೇಲೆ ಎರಡೂ ಅಂಗೈ ತಾವಾಗಿಯೇ ಕೂಡಿಕೊಂಡವು.

ದಾನವ್ವ ಅದನ್ನು ಕಂಡಳು. “ಕೈ ಯಾಕ ಮುಗೀತೀರಿ ಸಾಹೇಬ್ರ,” ಉಸಿರಿಲ್ಲದ ಬಾಯಲ್ಲಿ ನಗಲು ನೋಡಿದಳು, “ಒಂದ್ ಬೆರಳು ಸಾಕಿತ್ತು.” ಅವಳ ಉಸಿರು ಅಲ್ಲಿಗೇ ನಿಂತಿತು.

ಬೇಲಿ ರಾಜ್ಯದ ತುಂಬ ಬಂತು. ಈಗ ಆಯುಧಪೂಜೆಗೆ ಯಾರೂ ಏನನ್ನೂ ಆರಿಸುವುದಿಲ್ಲ. ದುಡಿಯುತ್ತಿರುವ ಯಂತ್ರಕ್ಕೇ ಹೂವು ಏರಿಸುತ್ತಾರೆ. ಇಂದುಧರ ಮಾತ್ರ ದೇವರ ಮುಂದೆ ಕುಳಿತು, ಕೈ ಮುಗಿಯಲಾರದೆ, ಬೇಲಿಗೆ ತಾನು ಬರೆದ ನಿಯಮಗಳನ್ನು ಒಂದೊಂದಾಗಿ ನೆನೆಯುತ್ತಾನೆ. ಬೆರಳಚ್ಚಿನ ಮಾತಿದೆ. ಬಾಗಿಲಿನ ಮಾತಿದೆ. ಕಾಶವ್ವನ ಕೈ ಮಾಡಿದಂತೆ ತಂಬಿಗೆ ತಾಗಬಾರದು, ನೀರು ಮೇಲಿನಿಂದ ಹೊಯ್ಯಬೇಕು ಎಂದು ಎಲ್ಲಿಯೂ ಇಲ್ಲ.

ಅದು ಆ ಕೈಗೆ ಬೇಲಿಗಿಂತ ಮೊದಲೇ ಬರುತ್ತಿತ್ತು.