ಕಪ್ಪು ನಾಣ್ಯ ಬೆಳ್ಳಗಾದ ಪ್ರಕರಣ

ಡ್ರಿಲ್ ಮಾಸ್ತರು ಬೆಳಗಿನ ಎರಡನೇ ಲೋಟ ಟೀಗೆ ಬಾಯಿ ಇಡುವ ಹೊತ್ತಿಗೆ ಕೆಳಮನೆಯ ಸೊಸೆ ಬಾಗಿಲಲ್ಲಿ ನಿಂತಿದ್ದಳು. ಬಂದದ್ದು ಮಾಸ್ತರನ್ನು ಹುಡುಕಿಕೊಂಡಲ್ಲ, ಅವರ ಅಕ್ಕನನ್ನು. ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ಅಕ್ಕನಿಗೆ ಶಾಲೆಯ ಮಕ್ಕಳಿಟ್ಟ ಹೆಸರು ಭೂತಗನ್ನಡಿ. ಆ ಕಟ್ಟಡದಲ್ಲಿ ಏನು ಕಳೆದರೂ, ಯಾರಿಗೆ ಯಾರ ಮೇಲೆ ಅನುಮಾನ ಬಂದರೂ ಜನ ಮೆಟ್ಟಿಲು ಹತ್ತುತ್ತಿದ್ದದ್ದು ಅವರ ಮನೆಗೇ. ಜೊತೆಗೆ ಹೋಗಿ ತಲೆಯಾಡಿಸುವುದು ತಮ್ಮನ ಪಾಲಿನ ಕೆಲಸ. ಅದನ್ನು ಮಾಸ್ತರು ಬಹಳ ಶಿಸ್ತಿನಿಂದ ಮಾಡುತ್ತಿದ್ದರು.

"ನಾನು ಆ ನಾಣ್ಯ ಮುಟ್ಟೇ ಇಲ್ಲ ಮೇಡಂ," ಎಂದಳು ಸೊಸೆ. "ಮನೇಲಿ ಯಾರೂ ನಂಬ್ತಿಲ್ಲ. ಮಧ್ಯಾಹ್ನ ಅಮ್ಮ ಬಂದು ಕರ್ಕೊಂಡು ಹೋಗ್ತಾಳೆ. ಅಷ್ಟರೊಳಗೆ ಒಂದ್ಸಲ ಬಂದು ನೋಡಿ."

ಸಂಗತಿ ಇಷ್ಟು. ಅವಳ ಮಾವ ಬ್ಯಾಂಕ್ ಮ್ಯಾನೇಜರಾಗಿದ್ದವರು, ಹಳೆಯ ಬೆಳ್ಳಿ ನಾಣ್ಯ ಕೂಡಿಡುವ ಹುಚ್ಚಿನವರು. ಅವರ ಪೆಟ್ಟಿಗೆಯ ರಾಜ ಒಂದು ಕಪ್ಪು ನಾಣ್ಯ. ಅದೇ ವರ್ಷದ ನಾಣ್ಯಗಳು ಬೇಕಾದಷ್ಟು ಸಿಗುತ್ತವೆ, ಆದರೆ ಇಷ್ಟು ಚೆಂದದ ಕಪ್ಪು ಸಿಗುವುದಿಲ್ಲ, ಕಾಲ ಬಳಿದ ಈ ಬಣ್ಣದಿಂದಲೇ ಇದರ ದರ್ಜೆಯೂ ಬೆಲೆಯೂ ಏರುವುದು ಎಂದು ಅವರ ಜೀವದ ಗೆಳೆಯ, ನಾಣ್ಯದಂಗಡಿಯವರು, ಮೊದಲಿನಿಂದಲೂ ಹೇಳುತ್ತಿದ್ದರು. ಮನೆಗೆ ಬಂದವರಿಗೆಲ್ಲ ಮ್ಯಾನೇಜರು ಅದನ್ನೇ ಒಪ್ಪಿಸುತ್ತಿದ್ದರು. ಈಗ ಯಾರೋ ದೊಡ್ಡ ಸಂಗ್ರಾಹಕರು ಅದನ್ನು ಕೊಳ್ಳಲು ಸಂಜೆ ಬರುವವರಿದ್ದರು. ಬೆಳಿಗ್ಗೆ ಪೆಟ್ಟಿಗೆ ತೆಗೆದರೆ ಕಪ್ಪು ನಾಣ್ಯ ಬೆಳ್ಳಗೆ ಹೊಳೆಯುತ್ತಿತ್ತು. ಹಿಂದಿನ ದಿನ ಸೊಸೆ ಮನೆಯ ಬೆಳ್ಳಿ ಚಮಚಗಳನ್ನೆಲ್ಲ ಉಜ್ಜಿದ್ದಳು. ಮ್ಯಾನೇಜರು ಎರಡನ್ನೂ ಗಂಟು ಹಾಕಿದರು, ಬೀಗಿತ್ತಿಗೆ ಫೋನ್ ಮಾಡಿ ನಿಮ್ಮ ಮಗಳನ್ನು ಕರೆದುಕೊಂಡು ಹೋಗಿ ಎಂದೂ ಹೇಳಿಬಿಟ್ಟರು. ಅದಕ್ಕಿಂತ ಅವಳಿಗೆ ಹೆಚ್ಚು ನೋವಾದದ್ದು ಗಂಡ ಪಕ್ಕಕ್ಕೆ ಕರೆದು "ನಿಜ ಹೇಳು, ನಾನು ಬೈಯಲ್ಲ" ಎಂದಾಗ.

ಮಾಸ್ತರಿಗೆ ಆ ಹುಡುಗಿಯ ಮೇಲೆ ಮಗಳಂಥ ಅಕ್ಕರೆ. ಅವಳು ತಪ್ಪು ಮಾಡಿರಲಾರಳೆಂದು ಅಕ್ಕ ಆ ಕ್ಷಣವೇ ಹೇಳಲಿ ಎಂದು ಅವರು ಕಾದರು. ಅಕ್ಕ ಚಪ್ಪಲಿ ಮೆಟ್ಟಿಕೊಂಡರು.

ಕೆಳಮನೆಯಲ್ಲಿ ಮ್ಯಾನೇಜರು ಮುಖ ಗಂಟಿಕ್ಕಿಕೊಂಡು ಕುಳಿತಿದ್ದರು. ಭೂತಗನ್ನಡಿ ನಾಣ್ಯವನ್ನು ಅಂಚಿನಲ್ಲಿ ಹಿಡಿದು ಮೇಜಿನ ದೀಪದ ಕೆಳಗೆ ಮೆಲ್ಲನೆ ಓರೆ ಮಾಡಿದರು. ಬೆಳಕು ನಾಣ್ಯದ ಮೈಮೇಲೆ ಚಕ್ರದ ಕಡ್ಡಿಗಳ ಹಾಗೆ ಸುತ್ತಿತು. ತಮ್ಮನಿಗೂ ತೋರಿಸಿದರು. ಅಕ್ಷರಗಳ ಸಂದಿಯನ್ನು ಮಸೂರದಲ್ಲಿ ನೋಡಿದರು, ಆಮೇಲೆ ಅಡುಗೆಮನೆಗೆ ಹೋಗಿ ಚಮಚಗಳನ್ನು. ಚಮಚದ ಹಿಡಿಯಲ್ಲಿ ಕೆತ್ತಿದ ಹೂಬಳ್ಳಿಯ ಸಂದುಗಳಲ್ಲೆಲ್ಲ ಉಜ್ಜುವ ಪುಡಿ ಬಿಳಿಯಾಗಿ ಕೂತಿತ್ತು. ಗೋಡೆಯ ಮೇಲೆ ಚೌಕಟ್ಟು ಹಾಕಿಸಿಟ್ಟ ಕಪ್ಪು ನಾಣ್ಯದ ದೊಡ್ಡ ಫೋಟೋ ಇತ್ತು. ಅದರ ಮುಂದೆ ಅವರು ಬಹಳ ಹೊತ್ತು ನಿಂತರು. ಮಾಸ್ತರಿಗೆ ಕಂಡದ್ದು ದೋಸೆಕಲ್ಲಿನಂಥ ಕಪ್ಪು, ಅಲ್ಲಲ್ಲಿ ಸಣ್ಣ ಗುಳ್ಳೆ.

ನಿನ್ನೆ ಪೆಟ್ಟಿಗೆ ಯಾರು ಯಾರು ತೆರೆದಿರಿ ಎಂದು ಕೇಳಿದ್ದಕ್ಕೆ ಮ್ಯಾನೇಜರು ಸಿಡುಕಿದರು. ಬೀಗದ ಕೈ ತಮ್ಮ ಬಳಿಯೇ ಇರುತ್ತದೆ, ಚಮಚ ಉಜ್ಜುವ ಹೊತ್ತಿಗೆ ಅಂಗಡಿಯವರು ಬಂದಿದ್ದರು, ನಾಣ್ಯಗಳನ್ನು ಸಂಜೆಗೆ ಅಣಿಮಾಡಿಕೊಟ್ಟರು, ನಡುವೆ ಫೋನ್ ಬಂತೆಂದು ತಾವು ಪೆಟ್ಟಿಗೆ ತೆರೆದೇ ಬಿಟ್ಟು ಅಂಗಳಕ್ಕೆ ಹೋದಾಗ ಸೊಸೆ ಅಡುಗೆಮನೆಯಲ್ಲೇ ಇದ್ದಳು ಎಂದರು.

ಅಂಗಡಿಯವರನ್ನು ಕರೆತರಲು ಅಕ್ಕ ತಮ್ಮನನ್ನು ಅಟ್ಟಿದರು, ಕಣ್ಣು ಬಿಟ್ಟುಕೊಂಡು ಹೋಗು ಎಂದೂ ಸೇರಿಸಿದರು. ಮಾಸ್ತರು ಹೋದರು. ಗಾಜಿನ ಕಪಾಟಿನ ಮೇಲಿನ ಸಾಲಿನಲ್ಲಿ, ಅಂಗಡಿಯವರು ಯಾರಿಗೂ ಮಾರದೆ ಮೆರೆಸುತ್ತಿದ್ದ ನಾಣ್ಯಗಳ ನಡುವೆ, ಮಖಮಲ್ಲಿನ ಒಂದು ಕುಳಿ ಖಾಲಿಯಿತ್ತು. ಕೇಳಿದರೆ, ಮಾರಿಹೋಯಿತು ಎಂದರು. ಮಾಸ್ತರು ಅದನ್ನು ಅಕ್ಕನ ಕಿವಿಗೆ ಹಾಕಿದಾಗ ಅಕ್ಕ ಅವರ ಬೆನ್ನು ತಟ್ಟಿದರು. ಯಾಕೆಂದು ಮಾಸ್ತರಿಗೆ ತಿಳಿಯಲಿಲ್ಲ, ಆದರೂ ಹಿಗ್ಗಿದರು.

ಎಲ್ಲರೂ ನಡುಮನೆಯಲ್ಲಿ ಸೇರಿದ ಮೇಲೆ ಭೂತಗನ್ನಡಿ ಡ್ರಾಯರಿನ ತಳದಿಂದ, ಸೊಸೆಯ ಕೈಗೆ ಸಿಗದೆ ಉಳಿದಿದ್ದ ಒಂದು ಕರಿಗಟ್ಟಿದ ಚಮಚ ತೆಗೆದು ಮೇಜಿನ ಮೇಲಿಟ್ಟರು. ಅದೇ ಪುಡಿಯಿಂದ ಅದನ್ನು ಉಜ್ಜಲು ಸೊಸೆಗೆ ಹೇಳಿದರು. ಅವಳು ಹಲ್ಲು ಕಚ್ಚಿ ಉಜ್ಜಿದಳು. ಕಪ್ಪು ಹೋಯಿತು. ಕೆಳಗಿನ ಬೆಳ್ಳಿ ಬೆಳ್ಳಗೇನೋ ಬಂತು, ಆದರೆ ಸುಣ್ಣ ಹೊಡೆದ ಗೋಡೆಯ ಹಾಗೆ ಮಂಕಾಗಿತ್ತು, ಮೈತುಂಬ ಸಣ್ಣ ಗುಣಿಗಳಿದ್ದವು.

"ಗಾಳಿಯಲ್ಲಿರೋ ಗಂಧಕ ಬೆಳ್ಳಿ ಮೇಲೆ ತೆಳ್ಳಗೆ ಕೂತ್ರೆ ಜೇನಿನ ಬಣ್ಣ, ನೇರಳೆ, ನೀಲಿ ಬರತ್ತೆ," ಎಂದರು ಪಾಠ ಹೇಳುವ ಧಾಟಿಯಲ್ಲಿ. "ಅದರ ಕೆಳಗೆ ಟಂಕಸಾಲೆಯಲ್ಲಿ ಅಚ್ಚೊತ್ತಿದಾಗಿನ ಹೊಳಪು ಹಾಗೇ ಇರತ್ತೆ. ಅದಕ್ಕೇ ಸಂಗ್ರಾಹಕರು ಜಾಸ್ತಿ ಕೊಡ್ತಾರೆ. ದಪ್ಪಗೆ ಕೂತು ಕರ್ರಗಾದ್ರೆ ಬೆಳ್ಳಿಯನ್ನೇ ತಿನ್ನತ್ತೆ. ಆಗ ದರ್ಜೆ ಇಳಿಯತ್ತೆ. ಉಜ್ಜಿದ್ರೂ ಹೋದ ಹೊಳಪು ಬರಲ್ಲ. ಈ ಪೆಟ್ಟಿಗೆಯ ನಾಣ್ಯದಲ್ಲಿ ಆ ಹೊಳಪು ಇದೆ, ಬೆಳಕು ಸುತ್ತುತ್ತೆ, ಸಂದಿಯಲ್ಲಿ ಒಂದು ಕಣ ಪುಡಿ ಇಲ್ಲ, ಬಟ್ಟೆಯ ಗೀರೂ ಇಲ್ಲ. ಇದು ಯಾವತ್ತೂ ಕಪ್ಪಾಗಿದ್ದದ್ದೇ ಅಲ್ಲ. ಅದೇ ವರ್ಷದ ಬೇರೆ ನಾಣ್ಯ."

ಭೂತಗನ್ನಡಿ ಮುಂದುವರಿಸಿದರು. ಕದಿಯುವವನು ಯಾವುದೋ ಸವೆದ ನಾಣ್ಯ ಇಟ್ಟು ಹೋಗುತ್ತಾನೆ. ಇಲ್ಲಿಟ್ಟದ್ದು ಕಪ್ಪು ನಾಣ್ಯಕ್ಕಿಂತ ಎಷ್ಟೋ ಮೇಲಿನದು. ಅಂದರೆ ಇಟ್ಟವರಿಗೆ ಮ್ಯಾನೇಜರಿಗೆ ನಷ್ಟವಾಗುವುದು ಬೇಡವಾಗಿತ್ತು. ಬೇಕಾದದ್ದು ಸಂಜೆ ಬರುವವರ ಕಣ್ಣಿಗೆ ಕಪ್ಪು ನಾಣ್ಯ ಬೀಳದಿರುವುದು, ಅಷ್ಟೇ. ಫೋಟೋದಲ್ಲಿ ಬಣ್ಣದ ಸುಳಿವಿಲ್ಲ, ಇರುವುದೆಲ್ಲ ಗುಳ್ಳೆ. ಬಲ್ಲವರು ನೋಡಿದರೆ ಇದು ಕೆಟ್ಟ ಬೆಳ್ಳಿ ಎನ್ನುವುದು ಖಂಡಿತ. ಅವರು ಹಾಗೆಂದರೆ ಯಾರ ಮಾತು ಸುಳ್ಳಾಗುತ್ತಿತ್ತು? ನಿನ್ನೆ ಪೆಟ್ಟಿಗೆಯ ಮುಂದೆ ಒಬ್ಬರೇ ಕೂತಿದ್ದವರು ಯಾರು? ಯಾರ ಕಪಾಟಿನ ಮೇಲಿನ ಸಾಲು ಇವತ್ತು ಖಾಲಿ?

ಅಂಗಡಿಯವರು ಜೇಬಿನಿಂದ ಕಾಗದದಲ್ಲಿ ಸುತ್ತಿದ್ದ ಕಪ್ಪು ನಾಣ್ಯ ತೆಗೆದು ಗೆಳೆಯನ ಮುಂದಿಟ್ಟರು.

"ಶುರುವಿನಲ್ಲಿ ನನಗೇ ಗೊತ್ತಿರಲಿಲ್ಲ ಕಣಯ್ಯ," ಎಂದರು. "ಗೊತ್ತಾಗೋ ಹೊತ್ತಿಗೆ ನೀನು ಊರಿಗೆಲ್ಲ ಹೇಳಿದ್ದೆ. ನನ್ನ ಮಾತು ನಂಬಿದ್ದೆ. ಹೇಗೆ ಹೇಳಲಿ? ಅದಕ್ಕೇ ನನ್ನ ಹತ್ರ ಇರೋದರಲ್ಲೇ ಒಳ್ಳೇದು ಇಟ್ಟೆ. ಒಂದಿನ ಕೂಗಾಡಿ ಸುಮ್ಮನಾಗ್ತೀಯ ಅಂದ್ಕೊಂಡೆ."

"ನಿಮ್ಮ ಮಾತು ಉಳಿಯೋಕೆ ಇವಳ ಹೆಸರು ಕೆಡಬೇಕಿತ್ತೇ?" ಎಂದರು ಭೂತಗನ್ನಡಿ. ಅವರ ದನಿ ಏರಲಿಲ್ಲ, ಆದರೂ ಮಾಸ್ತರಿಗೆ ಬೆನ್ನು ನೆಟ್ಟಗಾಯಿತು.

ಅಂಗಡಿಯವರು ಎದ್ದು ಸೊಸೆಯ ಮುಂದೆ ಕೈಮುಗಿದರು. ಮ್ಯಾನೇಜರು ಹೊಳೆಯುವ ನಾಣ್ಯವನ್ನು ಗೆಳೆಯನ ಅಂಗೈಗೆ ಹಾಕಿ, ಸಂಜೆ ಬರುವವರಿಗೆ ಕರಿಯದನ್ನೇ ತೋರಿಸಿ ಇದ್ದದ್ದು ಇದ್ದ ಹಾಗೆ ಹೇಳುವುದಾಗಿ ಹೇಳಿದರು. ಮಗ ಹೆಂಡತಿಯ ಕಡೆ ನೋಡಿ ಏನೋ ಹೇಳಲು ಬಾಯಿ ತೆರೆದ. ನಿನ್ನ ವಿಚಾರ ಆಮೇಲೆ, ಮೊದಲು ಎಲ್ಲರಿಗೂ ಟೀ ಮಾಡು ಎಂದು ಅವಳು ಅವನನ್ನು ಅಡುಗೆಮನೆಗೆ ಕಳಿಸಿದಳು.

ಮ್ಯಾನೇಜರು ಫೋನ್ ಎತ್ತಿಕೊಂಡು ಎಲ್ಲರೆದುರೇ ಬೀಗಿತ್ತಿಗೆ ಕರೆ ಮಾಡಿದರು. ಇಷ್ಟು ದೊಡ್ಡ ಮನುಷ್ಯ ತಡವರಿಸುವುದನ್ನು ಮಾಸ್ತರು ಕಂಡಿರಲಿಲ್ಲ. "ತಪ್ಪು ನನ್ನದು," ಎಂದರು. "ನಿಮ್ಮ ಮಗಳದ್ದು ಏನೂ ಇಲ್ಲ. ಕೇಳದೆ ಆಡಿಬಿಟ್ಟೆ. ಕ್ಷಮಿಸಿ." ಆಮೇಲೆ ಫೋನನ್ನು ಸೊಸೆಗೆ ಕೊಟ್ಟರು.

ತಾಯಿ ಆಗಲೇ ಬಸ್ಸು ಹತ್ತಿಯಾಗಿತ್ತೆಂದು ಕಾಣುತ್ತದೆ, ಗದ್ದಲ ಇವರಿಗೂ ಕೇಳಿಸುತ್ತಿತ್ತು. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದ ಹುಡುಗಿ ಈಗ ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಲೇ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಕರ್ಕೊಂಡು ಹೋಗೋಕೆ ಬರೋದಾದ್ರೆ ಬರ್ಬೇಡಮ್ಮ," ಎಂದಳು. "ಊಟಕ್ಕೆ ಬಾ. ನಾನು ನಮ್ಮನೇಲೇ ಇದ್ದೀನಿ."