ಗೋಡೆ ಒಣಗುವವರೆಗೆ

ಹತ್ತು ವರ್ಷದವಳಿದ್ದಾಗ ಅವಳು ಅಮ್ಮನಿಗೊಂದು ಮಾತು ಕೊಟ್ಟಿದ್ದಳು.

ಆಗ ತಾಯಿ ಮಗಳು ಚಿಕ್ಕಪ್ಪನ ಮನೆಯ ಓಣಿಯಂಥ ನಡುಕೋಣೆಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದರು. ಬಚ್ಚಲಿಗೆ ಹೋಗುವವರೆಲ್ಲ ಅವರನ್ನು ದಾಟಿಕೊಂಡೇ ಹೋಗಬೇಕು. ಒಂದು ಸಲ ಯಾರದೋ ಕಾಲು ಅಮ್ಮನ ಬೆರಳುಗಳ ಮೇಲೆ ಬಿತ್ತು. ಅಮ್ಮ ಕಿರುಚಲಿಲ್ಲ. ಕೈ ಎಳೆದುಕೊಂಡಳು, ಅಷ್ಟೆ.

"ಅಮ್ಮಾ, ದೊಡ್ಡವಳಾದ ಮೇಲೆ ನಾನೊಂದು ಮನೆ ಮಾಡ್ತೀನಿ. ನೀನು, ನಾನು, ಇಬ್ಬರೇ! ಮೂರನೆಯವರು ಬೇಡವೇ ಬೇಡ!"

"ಆಗಲಿ ಕಣೆ, ಈಗ ಮಲಗು."

ಆಮೇಲೆ ಅಮ್ಮ ಆಸ್ಪತ್ರೆಯಲ್ಲಿ ಆಯಾ ಆದಳು. ಇನ್ನೊಬ್ಬ ಆಯಾ ಜೊತೆ ಹಂಚಿಕೊಳ್ಳಲು ಅಲ್ಲೇ ಒಂದು ಕೋಣೆ ಸಿಕ್ಕಿತು. ಮಗಳು ಹಾಸ್ಟೆಲ್ ಸೇರಿದಳು. ಹದಿನೇಳು ವರ್ಷ ಹಾಗೇ ಕಳೆದವು. ಮಗಳೀಗ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಾಳೆ. ಅವಳ ಸಂಬಳ ವರ್ಷಕ್ಕೊಂದು ಗೇಣು ಏರಿದರೆ, ಬಾಡಿಗೆ ಒಂದು ಮಾರು ಏರುತ್ತಿತ್ತು.

ಇನ್ನು ಮೂರು ತಿಂಗಳಿಗೆ ಅಮ್ಮನ ನಿವೃತ್ತಿ. ಅದೇ ದಿನ ಕೋಣೆಯ ಬೀಗದಕೈ ವಾಪಸು ಕೊಡಬೇಕು.

ಆ ಭಾನುವಾರ ನೋಡಿದ ಮನೆಗೆ ಅವಳು ನಿಂತಲ್ಲೇ ಮನಸೋತಳು. ಒಂದೇ ಕೋಣೆ. ಪಕ್ಕದಲ್ಲಿ ಪುಟ್ಟ ಅಡುಗೆಮನೆ, ಅದಕ್ಕೊಂದು ಹಿತ್ತಿಲ ಬಾಗಿಲು. ಹೊಸ ಬಣ್ಣದ ವಾಸನೆ. ಬಾಡಿಗೆ ಸರಿಯಾಗಿ ಸಂಬಳದ ಅರ್ಧ. ಇನ್ನರ್ಧದಲ್ಲಿ ಅಮ್ಮನ ಉಬ್ಬಸದ ಔಷಧಿ, ಬಸ್ಸು, ಅಕ್ಕಿ... ಹೇಗೋ ಎಳೆದಾಡಿದರೆ ಆಗುತ್ತೆ!

ಮನೆಯ ಯಜಮಾನರು, ಮಹಡಿಯಲ್ಲಿರುವ ನಿವೃತ್ತ ಮೇಷ್ಟ್ರು, ಕರಾರುಪತ್ರ ತರಲು ಮೇಲೆ ಹೋದರು.

"ತಗೋಬೇಡಿ."

ಅವಳು ಬೆಚ್ಚಿ ತಿರುಗಿದಳು. ಏಣಿಯ ಮೇಲೆ ಬಣ್ಣ ಬಳಿಯುವವನೊಬ್ಬ. ಮೂಗು ಗೋಡೆಗೆ ತಗುಲುವಷ್ಟು ಹತ್ತಿರ ನಿಂತಿದ್ದ.

"ಏನಂದ್ರಿ?"

"ಈ ಮನೆ ತಗೋಬೇಡಿ. ಕೈ ಕೊಡಿ ಇಲ್ಲಿ."

ಅವಳು ಕೊಡಲಿಲ್ಲ. ಆದರೂ ಅವನು ತೋರಿಸಿದ ಕಡೆ ತಾನೇ ಅಂಗೈ ಇಟ್ಟಳು. ಗೋಡೆ ತಣ್ಣಗೆ... ಜ್ವರ ಬಿಟ್ಟು ಬೆವೆತವರ ಹಣೆಯ ಹಾಗೆ!

"ಒಳಗಿಂದ ನೀರು ಜಿನುಗುತ್ತೆ. ಮೂರು ವರ್ಷದಲ್ಲಿ ಮೂರು ಸಲ ಇದರ ಮುಖ ಮುಚ್ಚಿದೀನಿ. ಬಂದವರೆಲ್ಲ ಕೆಮ್ಮಿಕೊಂಡೇ ಹೋದ್ರು."

ಉಬ್ಬಸದ ಅಮ್ಮ... ಅವಳ ಕಣ್ಣು ತುಂಬಿತು. ಅದಕ್ಕಿಂತ ಮೊದಲು ಸಿಟ್ಟು ಬಂತು.

"ಬೇಡ ಅನ್ನೋದು ಸುಲಭ ಕಣ್ರೀ! ನನ್ನ ಸಂಬಳಕ್ಕೆ ಬೇರೆ ಎಲ್ಲಿ ಸಿಗುತ್ತೆ? ನೀವು ಹುಡುಕಿ ಕೊಡ್ತೀರಾ?"

ಅವನು ಕುಂಚ ಕೆಳಗಿಟ್ಟ. "ಹುಡುಕೋಣ. ಊರಿನ ಅರ್ಧ ಗೋಡೆಗಳ ಗುಟ್ಟು ನನಗೆ ಗೊತ್ತು."

ಅವಳು ಕರಾರಿಗೆ ಸಹಿ ಹಾಕದೆ ಹೊರಟಳು. ಐದು ಭಾನುವಾರ ಇಬ್ಬರೂ ಸೇರಿ ಹುಡುಕಿದರು. ಒಂದು ಮನೆಯಲ್ಲಿ ಒಲೆಯ ಪಕ್ಕದಲ್ಲೇ ಬಚ್ಚಲು.

"ಮೀಯುತ್ತಾ ಪಲ್ಯ ತಿರುವಬಹುದು," ಎಂದ ಅವನು ಗಂಭೀರವಾಗಿ. ಅವಳು ಹೊರಗೆ ಬಂದು ಬಿದ್ದೂ ಬಿದ್ದೂ ನಕ್ಕಳು.

ಇನ್ನೊಂದು ಕಡೆ ಮನೆಯಾಕೆ ಮೂಗು ಮುರಿದರು. "ಬರೀ ಹೆಂಗಸರಾ? ಗಂಡು ದಿಕ್ಕಿಲ್ವಾ?"

"ಬಾಡಿಗೆ ಕೊಡೋದು ದಿಕ್ಕಲ್ಲ ತಾಯೀ, ಸಂಬಳ," ಎಂದ ಅವನು.

"ನಿಮ್ಮ ಮನೆ ಎಲ್ಲಿ?" ಎಂದು ಅವಳು ಬಸ್ಸಿನಲ್ಲಿ ಕೇಳಿದಳು.

"ಯಾವ ಮನೆ ಖಾಲಿ ಇದ್ದು ಬಣ್ಣಕ್ಕೆ ಬರುತ್ತೋ ಅದೇ. ಕೆಲಸ ಮುಗಿಯೋತನಕ ಅಲ್ಲೇ ಮಲಗೋದು. ನಂದು ಯಾವಾಗಲೂ ಹೊಸ ಬಣ್ಣದ ಮನೆ ಕಣ್ರೀ!"

ಅವನು ನಕ್ಕ. ಅವಳಿಗೆ ನಗು ಬರಲಿಲ್ಲ. 'ಇಷ್ಟು ಮನೆಗಳನ್ನು ಚಂದ ಮಾಡಿದವನಿಗೆ ಒಂದು ಮೊಳೆ ಹೊಡೆಯೋಕೂ ಸ್ವಂತ ಗೋಡೆ ಇಲ್ವಾ...'

ಐದನೇ ಭಾನುವಾರ ಅವನನ್ನು ಅಂಗಡಿಗೆ ಎಳೆದೊಯ್ದು ಅಕ್ಷರದ ಬೋರ್ಡಿನ ಮುಂದೆ ಕೂರಿಸಿದಳು. ಮೂರನೇ ಸಾಲಿಗೇ ಅವನು ಊಹೆ ಮಾಡತೊಡಗಿದ್ದ. ಆ ವಾರವೆಲ್ಲ ಊಟದ ಬಿಡುವಿನಲ್ಲಿ ಅವಳು ಅವನಿಗಾಗಿ ಗಾಜು ಉಜ್ಜಿದಳು.

ಆರನೇ ಭಾನುವಾರ ಕನ್ನಡಕವನ್ನು ಚೀಲದಲ್ಲಿಟ್ಟುಕೊಂಡು ಬಸ್ ನಿಲ್ದಾಣದಲ್ಲಿ ಕಾದಳು. ಅವನು ಬರಲಿಲ್ಲ.

ಫೋನ್ ಮಾಡಿದರೆ, "ಕೆಲಸ ಇದೆ... ಇನ್ನು ಬರೋಕಾಗಲ್ಲ," ಅಂದ. ಅಷ್ಟೇ! ಮುಂದಿನ ವಾರವೂ ಅದೇ ಮಾತು.

ಮೂರು ವಾರದ ಮೇಲೆ ಆ ಮೇಷ್ಟ್ರ ಬೀದಿಯಲ್ಲಿ ಹಾದುಹೋಗುವಾಗ ಅವಳ ಕಾಲು ತಾನಾಗಿ ನಿಂತಿತು. ಕಿಟಕಿ ತೆರೆದಿತ್ತು. ಒಳಗೆ ಚಾಪೆ, ಸ್ಟೌ, ದಾರದ ಮೇಲೆ ಒಣಗಲು ಹಾಕಿದ ಬಣ್ಣದ ಕಲೆಯ ಅಂಗಿ...

ಅವನದೇ!

ಬಾಗಿಲು ತಟ್ಟಿದಳು. ಅವನು ಅರ್ಧ ತೆರೆದು ಅಡ್ಡ ನಿಂತ.

"ಗೋಡೆಯಿಂದ ನೀರು ಜಿನುಗುತ್ತೆ ಅಂದ್ರಿ! ನನ್ನನ್ನ ಓಡಿಸಿ ನೀವೇ ಸೇರ್ಕೊಂಡ್ರಾ?"

"ಹಾಗಲ್ಲ... ಇನ್ನು ಸ್ವಲ್ಪ ದಿನ ಬಿಟ್ಟು ಬನ್ನಿ. ಆಗ ಹೇಳ್ತೀನಿ."

"ಈಗಲೇ ಹೇಳಿ!"

ಅವನು ಬಾಗಿಲನ್ನು ಇನ್ನಷ್ಟು ಎಳೆದುಕೊಂಡ.

"ಸ್ವಂತ ಮನೆ ಬೇಕಿತ್ತು ಅಂದಿದ್ರೆ ನಾನೇ ಬಿಟ್ಟುಕೊಡ್ತಿದ್ದೆ," ಎಂದಳು. ದನಿ ಒಡೆಯಿತು. "ಸುಳ್ಳು ಯಾಕೆ ಹೇಳಿದ್ರಿ?"

ದಾರಿಯುದ್ದಕ್ಕೂ ಅತ್ತಳು. ಮನೆ ಹೋಗಿದ್ದಕ್ಕೋ... ಅವನು ಹೋಗಿದ್ದಕ್ಕೋ... ಅವಳಿಗೇ ತಿಳಿಯಲಿಲ್ಲ. ಕನ್ನಡಕವನ್ನು ಬಿಸಾಡಬೇಕೆಂದು ತೆಗೆದು, ಒರೆಸಿ, ಮತ್ತೆ ಚೀಲದಲ್ಲಿಟ್ಟಳು.

ಅಮ್ಮನ ನಿವೃತ್ತಿಗೆ ಎಂಟು ದಿನ ಉಳಿದಿತ್ತು. ಕನ್ನಡಕದ ಕಾಲು ಮುರಿದುಕೊಂಡು ಮೇಷ್ಟ್ರು ಅಂಗಡಿಗೆ ಬಂದರು.

"ಓಹೋ, ನೀನೇ ಏನಮ್ಮಾ ಆ ಆಯಾ ಮಗಳು? ಯಾವಾಗ ಬರ್ತೀರಿ ಮನೆಗೆ?"

"ಯಾವ ಮನೆ ಮೇಷ್ಟ್ರೇ? ಅಲ್ಲಿ ಅವರಿದ್ದಾರಲ್ಲ."

"ಆ ಹುಚ್ಚಪ್ಪನಾ? ಇಟ್ಟಿಗೆ ಕಾಣೋವರೆಗೂ ಗೋಡೆ ಕೆತ್ತಿ, ನನ್ನ ಮಹಡಿ ಬಚ್ಚಲಿನ ಒಡೆದ ಪೈಪು ಹುಡುಕಿ ತೆಗೆದ! ಗಾರೆಯ ಖರ್ಚೂ ತನ್ನದೇ ಅಂದ. ಬದಲಿಗೆ ಬರೆಸಿಕೊಂಡಿದ್ದೇನು ಗೊತ್ತಾ? ಐದು ವರ್ಷ ಬಾಡಿಗೆ ಏರಿಸಬಾರದು. ಕರಾರು ನಿಮ್ಮಮ್ಮನ ಹೆಸರಲ್ಲಿ. ಅಲ್ಲೇ ಮಲಗಿ ಗಾಳಿ ಆಡಿಸಿ ಒಣಗಿಸ್ತಿದಾನೆ. ಕೈಕೂಸಿನ ಹಾಗೆ ನೋಡ್ಕೋತಾನೆ ಆ ಗೋಡೆನ!"

ಅವಳ ಕೈಯ ಸ್ಕ್ರೂಡ್ರೈವರ್ ನೆಲಕ್ಕೆ ಬಿತ್ತು. ಮೇಷ್ಟ್ರ ಕನ್ನಡಕ ಎರಡು ಭಾಗವಾಗಿ ಮೇಜಿನ ಮೇಲೇ ಉಳಿಯಿತು.

"ಏ ಹುಡುಗೀ... ನಾನು ಮನೆಗೆ ಹೋಗೋದು ಹೇಗೆ!"

ಅವಳು ಆಗಲೇ ಬೀದಿಯಲ್ಲಿದ್ದಳು.

ಬಾಗಿಲು ತೆರೆದೇ ಇತ್ತು. ಅವನು ಗೋಡೆಗೆ ಕೆನ್ನೆಯಿಟ್ಟು ನಿಂತಿದ್ದ. ಅವಳು ಏನೂ ಕೇಳದೆ ಅಂಗೈ ಇಟ್ಟಳು. ಬೆಚ್ಚಗಿತ್ತು. ಒಣಗಿತ್ತು!

"ಯಾಕ್ರೀ ಹೇಳಲಿಲ್ಲ?"

"ಒಣಗುತ್ತೋ ಇಲ್ವೋ ನನಗೇ ಗೊತ್ತಿರಲಿಲ್ಲ. ಮನೆ ಸಿಕ್ತು ಅಂತ ನಿಮ್ಮಮ್ಮ ಆಸೆ ಇಟ್ಕೊಂಡು, ಆಮೇಲೆ ಮತ್ತೆ ನೀರು ಬಂದಿದ್ರೆ? ಹಸಿ ಗೋಡೆ ತೋರಿಸಿ ಮಾತು ಕೊಡಬಾರದು ಅನ್ನಿಸ್ತು."

"ನಾನು ಏನೇನೋ ಅಂದ್ಬಿಟ್ಟೆ..."

"ಅಂದ್ರಿ. ಚೆನ್ನಾಗೇ ಅಂದ್ರಿ."

ಅವಳು ಅಳುತ್ತಲೇ ನಕ್ಕಳು. ಚೀಲದಿಂದ ಕನ್ನಡಕ ತೆಗೆದು ಅವನ ಕಿವಿಗೆ ಕೂರಿಸಿದಳು. ಅವನು ಮೊದಲು ಗೋಡೆ ನೋಡಿದ.

"ಅಯ್ಯೋ! ಇಷ್ಟೊಂದು ಕುಂಚದ ಗೆರೆ ಬಿಟ್ಟಿದೀನಾ!"

ಆಮೇಲೆ ಅವಳನ್ನು ನೋಡಿದ. ತುಂಬ ಹೊತ್ತು ನೋಡಿದ.

"ಸರಿಯಾಗಿ ನೋಡದೇ ಐದು ಭಾನುವಾರ ಹಾಳು ಮಾಡ್ಕೊಂಡೆ," ಎಂದ ಮೆಲ್ಲಗೆ. ಜೇಬಿನಿಂದ ಬೀಗದಕೈ ತೆಗೆದು ಅವಳ ಅಂಗೈಯಲ್ಲಿಟ್ಟ. "ನಾಳೆ ನನ್ನ ಸಾಮಾನು ತೆಗೀತೀನಿ."

"ಎಲ್ಲಿಗೆ?"

"ಯಾವುದಾದರೂ ಖಾಲಿ ಮನೆ..."

"ಇನ್ನು ಸಾಕು," ಎಂದಳು. "ಸ್ವಲ್ಪ ದಿನ ಮಾತ್ರ ಹೋಗಿ. ಮದುವೆ ಆಗೋವರೆಗೆ."

ಅವನ ಹೊಸ ಕನ್ನಡಕ ಮಂಜಾಯಿತು.

ಅಮ್ಮ ಆ ಮನೆಗೆ ಬಂದ ಎರಡು ತಿಂಗಳಿಗೆ ಅವರು ನೋಂದಣಿ ಕಚೇರಿಯಲ್ಲಿ ಸಹಿ ಹಾಕಿದರು. ಅವನು ಒಂದು ಚಾಪೆ, ಒಂದು ಬಕೆಟ್ ಕುಂಚಗಳೊಂದಿಗೆ ಮನೆ ಸೇರಿದ.

ಮರುದಿನ ಮಧ್ಯಾಹ್ನ ಅಮ್ಮ ಕೋಣೆಯಲ್ಲಿ ಅಡ್ಡಲಾಗಿ ಮಲಗಿದ್ದಳು. ಅವನಿಗೆ ನೀರು ಬೇಕಿತ್ತು. ಅಡುಗೆಮನೆ ಅಮ್ಮನ ಆಚೆಗೆ. ಒಂದು ಹೆಜ್ಜೆ ದಾಟಿದರೆ ಸಾಕು. ಅವನು ಹೊರಗೆ ಹೋದ, ಚಪ್ಪಲಿ ಮೆಟ್ಟಿದ, ಮನೆಯನ್ನು ಪೂರ್ತಿ ಸುತ್ತಿಕೊಂಡು ಹಿತ್ತಿಲ ಬಾಗಿಲಿಂದ ಒಳಬಂದು ನೀರು ಕುಡಿದ.

ಅಮ್ಮ ಅರೆಗಣ್ಣಿನಲ್ಲಿ ಎಲ್ಲವನ್ನೂ ನೋಡಿದಳು. ಪಕ್ಕದಲ್ಲಿ ಕೂತಿದ್ದ ಮಗಳ ಕಡೆ ತಿರುಗಿದಳು.

"ಏ... ನಾವಿಬ್ಬರೇ ಅಂದಿದ್ದೆಯಲ್ಲೇ? ಮೂರನೆಯವರು ಬೇಡ ಅಂತ?"

"ಹೌದಮ್ಮಾ. ಕಳಿಸಿಬಿಡಲಾ?"

"ಸುಮ್ನಿರೇ. ಏಳು, ತಟ್ಟೆ ಹಾಕು."

"ಎಷ್ಟು?"

"ಮೂರು."

ಹತ್ತನೇ ವಯಸ್ಸಿನಲ್ಲಿ ಕೊಟ್ಟ ಮಾತು ಮುರಿಯಿತು.